ಪುಕ್ಕಟೆ ವಿದ್ಯುತ್ತು, ಇಳಿಯುವ ನೀರು: ಸರ್ಕಾರದ ನೀತಿಗಳು ಮತ್ತು ನಿಮ್ಮ ಕೊಳವೆ ಬಾವಿ



ಬೇಸಾಯಕ್ಕೆ ಬೇಕಾದುದು ಭೂಮಿ, ನೀರು, ಬೀಜ, ಗೊಬ್ಬರ ಇಷ್ಟೇ ಎಂದು ತಿಳಿಯುವ ಕಾಲ ಹಿಂದಾಯಿತು. ನಿಮ್ಮ ತೋಟಕ್ಕೆ ಮೂರು ಫೇಸ್ ವಿದ್ಯುತ್ತು ಎಷ್ಟು ಹೊತ್ತು ಬರಬೇಕು, ಹೊಸ ಕೊಳವೆ ಬಾವಿ ಕೊರೆಸಲು ಯಾರ ಅನುಮತಿ ಬೇಕು, ಊರ ಕೆರೆಗೆ ಎಲ್ಲಿಯ ನೀರು ಬರಬೇಕು ಎಂಬುದೆಲ್ಲ ಇಂದು ಇಂಧನ ಮತ್ತು ಪರಿಸರಕ್ಕೆ ಸಂಬಂಧಿಸಿದ ಸರ್ಕಾರದ ನೀತಿಗಳಿಂದ ತೀರ್ಮಾನವಾಗುತ್ತದೆ. ಈ ನೀತಿಗಳನ್ನು ಅರಿತವರಿಗೆ ಅವುಗಳಿಂದ ಲಾಭವಿದೆ. ಅರಿಯದವರು ಸಾಲ ಮಾಡಿ ಒಂದರ ಮೇಲೊಂದು ಬಾವಿ ಕೊರೆಸಿ ಕೈ ಸುಟ್ಟುಕೊಳ್ಳುತ್ತಾರೆ.

ಬೆಂಗಳೂರಿನ ಉತ್ತರಕ್ಕೆ, ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದ ಮಗ್ಗುಲಲ್ಲೇ ಇರುವ ಅಲ್ಲಾಳಸಂದ್ರವನ್ನು ಗಮನಿಸಿರಿ. ಊರ ಹೆಸರಿನ ಕೊನೆಯಲ್ಲಿರುವ 'ಸಂದ್ರ' ಎಂಬುದು 'ಸಮುದ್ರ', ಅಂದರೆ ದೊಡ್ಡ ಕೆರೆ. ನಮ್ಮ ಹಿರಿಯರು ಮಳೆಯ ನೀರನ್ನು ಕೆರೆಯಲ್ಲಿ ಹಿಡಿದು, ಕೆರೆಯಿಂದ ಕೆರೆಗೆ ಹರಿಸಿ ಬೇಸಾಯ ಮಾಡುತ್ತಿದ್ದರು. ಅಲ್ಲಾಳಸಂದ್ರ, ಜಕ್ಕೂರು, ರಾಚೇನಹಳ್ಳಿ ಕೆರೆಗಳು ಇಂಥ ಒಂದು ಸರಪಣಿಗೆ ಸೇರಿದವು. ಇಂದು ಇಲ್ಲಿ ಹೊಲಗಳಿದ್ದ ಜಾಗದಲ್ಲಿ ಮನೆಗಳೆದ್ದಿವೆ. ಆದರೆ ಇಲ್ಲಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಕಡೆಗೆ ಹೋದಂತೆ ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿ, ಹೂವಿನ ಬೇಸಾಯ ಈಗಲೂ ಇದೆ. ಅದರ ಬಹುಪಾಲು ನಿಂತಿರುವುದು ಕೊಳವೆ ಬಾವಿಯ ನೀರಿನ ಮೇಲೆ. ಕೆರೆಯ ನೀರು ಇಳಿಜಾರಿನಲ್ಲಿ ತಾನಾಗಿ ಹರಿದು ಗದ್ದೆಗೆ ಬರುತ್ತಿತ್ತು. ಕೊಳವೆ ಬಾವಿಯ ನೀರು ವಿದ್ಯುತ್ತಿಲ್ಲದೆ ಮೇಲೆ ಬರುವುದಿಲ್ಲ. ಆದ್ದರಿಂದಲೇ ವಿದ್ಯುತ್ ನೀತಿಯು ಈಗ ನೀರಾವರಿ ನೀತಿಯೂ ಆಗಿದೆ.

ವಿದ್ಯುತ್ತು ನಿಜವಾಗಿ ಪುಕ್ಕಟೆಯೇ?

ಕರ್ನಾಟಕದಲ್ಲಿ 2008ರಿಂದ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತನ್ನು ಉಚಿತವಾಗಿ ಒದಗಿಸಲಾಗುತ್ತಿದೆ. ರೈತನಿಗೆ ಬಿಲ್ಲು ಬರುವುದಿಲ್ಲವೆಂದರೆ ಅದಕ್ಕೆ ಬೆಲೆಯಿಲ್ಲ ಎಂದು ಅರ್ಥವಲ್ಲ. 2003ರ ವಿದ್ಯುಚ್ಛಕ್ತಿ ಕಾಯಿದೆಯ 65ನೇ ಕಲಮಿನ ಪ್ರಕಾರ, ಸರ್ಕಾರವು ಯಾವುದೇ ವರ್ಗದ ಬಳಕೆದಾರರಿಗೆ ರಿಯಾಯಿತಿ ಕೊಡಬೇಕಾದರೆ ಆ ಹಣವನ್ನು ವಿದ್ಯುತ್ ಕಂಪನಿಗೆ ಮುಂಗಡವಾಗಿ ತಾನೇ ತುಂಬಬೇಕು.

ಒಂದು ಲೆಕ್ಕ ಮಾಡಿ ನೋಡೋಣ. 10 ಅಶ್ವಶಕ್ತಿಯ ಮೋಟಾರು ಗಂಟೆಗೆ ಸುಮಾರು 9.3 ಯೂನಿಟ್ ಎಳೆಯುತ್ತದೆ. ದಿನಕ್ಕೆ 7 ಗಂಟೆಯಂತೆ ವರ್ಷದಲ್ಲಿ 200 ದಿನ ಓಡಿದರೆ ಸುಮಾರು 13,000 ಯೂನಿಟ್ ಆಯಿತು. ಯೂನಿಟ್ಟಿಗೆ 6 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೂ ಒಂದು ಪಂಪಿಗೆ ವರ್ಷಕ್ಕೆ 78,000 ರೂಪಾಯಿ. ಇಷ್ಟು ದೊಡ್ಡ ಮೊತ್ತವನ್ನು ಬೇರೊಬ್ಬರು ತುಂಬುವಾಗ, ಎಷ್ಟು ಹೊತ್ತು ಕೊಡಬೇಕು, ಯಾವಾಗ ಕೊಡಬೇಕು ಎಂಬ ತೀರ್ಮಾನವೂ ಅವರ ಕೈಗೇ ಹೋಗುತ್ತದೆ. ಬೆಲೆಯ ಬದಲು ವೇಳೆಯ ಅಂಕೆ ಬಂದಿದೆ ಎಂಬುದನ್ನು ನಾವು ಮನಗಾಣಬೇಕು.

ನೀರು ಇಳಿದರೂ ಮಿತಿ ಇಳಿಯದು

ಉಚಿತ ವಿದ್ಯುತ್ತಿಗೆ 10 ಅಶ್ವಶಕ್ತಿಯ ಮಿತಿಯಿದೆ. ಆದರೆ ಬಾವಿಯ ಆಳಕ್ಕೆ ಅಂಥ ಮಿತಿಯಿಲ್ಲ. ಇವೆರಡೂ ಕೂಡಿದಾಗ ಏನಾಗುತ್ತದೆ?

ನಮ್ಮ ಪೂರ್ವದ ಒಣ ವಲಯದ ತಳದಲ್ಲಿರುವುದು ಗಟ್ಟಿ ಬಂಡೆ. ಮೇಲಿನ ಶಿಥಿಲವಾದ ಪದರದಲ್ಲಿ ಮಳೆಯ ನೀರು ಇಂಗಿ ನಿಲ್ಲುತ್ತದೆ. ಹಿಂದೆ ತೆರೆದ ಬಾವಿಗಳಿಗೆ ಸಿಗುತ್ತಿದ್ದುದು ಈ ನೀರೇ. ಅದು ಬರಿದಾದ ಮೇಲೆ ಬಂಡೆಯ ಬಿರುಕುಗಳಲ್ಲಿರುವ ನೀರಿಗೆ ಕೈ ಹಾಕಿದ್ದೇವೆ. ಬಿರುಕಿನಲ್ಲಿ ನಿಲ್ಲುವ ನೀರು ಸ್ವಲ್ಪ. ಅದು ಮತ್ತೆ ತುಂಬುವುದೂ ನಿಧಾನ. ಆದ್ದರಿಂದಲೇ ನಿನ್ನೆ ಚೆನ್ನಾಗಿ ಹೊಯ್ಯುತ್ತಿದ್ದ ಬಾವಿ ಇದ್ದಕ್ಕಿದ್ದಂತೆ ಕೈಕೊಡುತ್ತದೆ.

10 ಅಶ್ವಶಕ್ತಿಯ ಸಬ್‌ಮರ್ಸಿಬಲ್ ಪಂಪು ಸುಮಾರು 330 ಅಡಿಯಿಂದ, ಅಂದರೆ 100 ಮೀಟರಿನಿಂದ, ನೀರೆತ್ತುವಾಗ ಗಂಟೆಗೆ ಹೆಚ್ಚುಕಡಿಮೆ 15,000 ಲೀಟರ್ ಕೊಡಬಲ್ಲದು. ನೀರು 820 ಅಡಿಗೆ, ಅಂದರೆ 250 ಮೀಟರಿಗೆ, ಇಳಿದರೆ ಅಷ್ಟೇ ಶಕ್ತಿಯ ಪಂಪಿನಿಂದ ಬರುವುದು 6,000 ಲೀಟರ್ ಮಾತ್ರ. ಮೊದಲು ಸಾವಿರ ಲೀಟರ್ ಎತ್ತಲು ಮುಕ್ಕಾಲು ಯೂನಿಟ್ಟಿಗಿಂತ ಕಡಿಮೆ ಸಾಕಾಗುತ್ತಿತ್ತು. ಈಗ ಒಂದೂವರೆ ಯೂನಿಟ್ ಬೇಕು. ಹೀಗೆ ವಿದ್ಯುತ್ತು ಪುಕ್ಕಟೆಯಾಗಿಯೇ ಉಳಿದರೂ, ನೀರು ಇಳಿದಂತೆಲ್ಲ ಅದರಿಂದ ನಿಮಗೆ ದಕ್ಕುವ ಸಹಾಯ ಕುಗ್ಗುತ್ತ ಹೋಗುತ್ತದೆ. ಸರ್ಕಾರ ಕೊಟ್ಟ ರಿಯಾಯಿತಿಯನ್ನು ಕಿತ್ತುಕೊಳ್ಳುವುದು ಬೇರೆ ಯಾರೂ ಅಲ್ಲ, ಇಳಿದ ಅಂತರ್ಜಲವೇ.

ಏಳು ಗಂಟೆಯ ಸದುಪಯೋಗ

ಹಳ್ಳಿಯ ಮನೆಗಳಿಗೆ ಸದಾ ಬೆಳಕಿರಲಿ, ಪಂಪ್‌ಸೆಟ್ಟುಗಳಿಗೆ ನಿಗದಿತ ವೇಳೆಯಲ್ಲಿ ವಿದ್ಯುತ್ತು ದೊರೆಯಲಿ ಎಂಬ ಉದ್ದೇಶದಿಂದ ನಮ್ಮ ರಾಜ್ಯದಲ್ಲಿ ನಿರಂತರ ಜ್ಯೋತಿ ಯೋಜನೆಯ ಮೂಲಕ ಹಳ್ಳಿಯ ಫೀಡರುಗಳನ್ನೂ ಪಂಪ್‌ಸೆಟ್ ಫೀಡರುಗಳನ್ನೂ ಬೇರ್ಪಡಿಸಲಾಯಿತು. ಪಂಪ್‌ಸೆಟ್ಟುಗಳಿಗೆ ದಿನಕ್ಕೆ 7 ಗಂಟೆ ಮೂರು ಫೇಸ್ ಕೊಡುವುದು ಸರ್ಕಾರದ ಗೊತ್ತುಪಾಡು. 2023ರಂಥ ಬರದ ವರ್ಷದಲ್ಲಿ ಇದಕ್ಕೂ ಕತ್ತರಿ ಬಿದ್ದುದನ್ನು ನೀವು ಕಂಡಿದ್ದೀರಿ.

ವಿದ್ಯುತ್ತು ಯಾವಾಗ ಬರುವುದೋ ಎಂಬ ಅನುಮಾನದಿಂದ ಅನೇಕರು ಆಟೋ ಸ್ಟಾರ್ಟರ್ ಹಾಕಿ ಮಲಗುತ್ತಾರೆ. ಮೂರು ಫೇಸ್ ಬಂದ ಕ್ಷಣ ಒಂದು ಟ್ರಾನ್ಸ್‌ಫಾರ್ಮರಿನ ಎಲ್ಲ ಮೋಟಾರುಗಳೂ ಒಟ್ಟಿಗೆ ಹೊರಡುತ್ತವೆ. ವೋಲ್ಟೇಜು ಕುಸಿಯುತ್ತದೆ, ಮೋಟಾರಿನ ಸುರುಳಿ ಸುಡುತ್ತದೆ, ಕೆಲವೊಮ್ಮೆ ಟ್ರಾನ್ಸ್‌ಫಾರ್ಮರೇ ಹೋಗುತ್ತದೆ. ಬೇಡದ ನೀರೂ ಹರಿದು ಹೋಗುತ್ತದೆ. ಒಂದೇ ಟ್ರಾನ್ಸ್‌ಫಾರ್ಮರಿನ ರೈತರು ಕೂಡಿ ಕುಳಿತು ಸರದಿ ಗೊತ್ತುಮಾಡಿಕೊಂಡರೆ ಈ ನಷ್ಟವೆಲ್ಲ ತಪ್ಪುತ್ತದೆ. ಪಂಪಿಗೆ ಸರಿಯಾದ ಅಳತೆಯ ಕೆಪಾಸಿಟರ್ ಹಾಕಿಸುವುದರಿಂದಲೂ ವೋಲ್ಟೇಜು ಸುಧಾರಿಸುತ್ತದೆ.

ಈಗ ನೀರಿನ ಲೆಕ್ಕ. ಗಂಟೆಗೆ 6,000 ಲೀಟರಿನಂತೆ 7 ಗಂಟೆಯಲ್ಲಿ 42,000 ಲೀಟರ್ ಬಂತೆನ್ನಿ. ಬೆಳೆಗೆ ದಿನಕ್ಕೆ 4 ಮಿಲಿಮೀಟರ್ ನೀರು ಬೇಕಿದ್ದರೆ ಎಕರೆಗೆ ಸುಮಾರು 16,000 ಲೀಟರ್ ಬೇಕಾಗುತ್ತದೆ. ಕಾಲುವೆಯಲ್ಲಿ ಹಾಯಿಸಿದರೆ ಅರ್ಧದಷ್ಟು ಪೋಲಾಗುವುದರಿಂದ ಈ ನೀರು ಒಂದೂಕಾಲು ಎಕರೆಗೆ ಸಾಲುತ್ತದೆ. ಹನಿ ನೀರಾವರಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬೇರಿಗೆ ಮುಟ್ಟುವುದರಿಂದ ಎರಡೂಕಾಲು ಎಕರೆಗೆ ಸಾಲುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಹನಿ ನೀರಾವರಿ ಅಳವಡಿಸಿ, ಉಳಿದ ನೀರಿನಿಂದ ಇನ್ನೊಂದು ಎಕರೆಗೆ ಬೆಳೆ ವಿಸ್ತರಿಸಿದರೆ ನಿಮ್ಮ ವರಮಾನ ಹೆಚ್ಚಬಹುದು, ಆದರೆ ಬಾವಿಯಿಂದ ಎತ್ತುವ ನೀರು ಒಂದು ಹನಿಯೂ ಕಡಿಮೆಯಾಗುವುದಿಲ್ಲ. ಅಷ್ಟೇ ವಿಸ್ತೀರ್ಣದಲ್ಲಿ ಬೆಳೆದು ಮೋಟಾರನ್ನು ಬೇಗ ನಿಲ್ಲಿಸಿದರೆ ಮಾತ್ರ ಬಾವಿಯ ಆಯುಸ್ಸು ಹೆಚ್ಚುತ್ತದೆ.

ಅಂತರ್ಜಲ ಕಾಯಿದೆ ಏನು ಹೇಳುತ್ತದೆ?

ವರ್ಷದಲ್ಲಿ ಇಂಗುವ ನೀರಿನಲ್ಲಿ ಬಳಸಬಹುದಾದ ಪಾಲೆಷ್ಟು, ಎತ್ತುತ್ತಿರುವುದೆಷ್ಟು ಎಂಬುದನ್ನು ಹೋಲಿಸಿ ತಾಲ್ಲೂಕುಗಳನ್ನು ವಿಂಗಡಿಸಲಾಗುತ್ತದೆ. ಶೇಕಡ 70ರವರೆಗೆ ಎತ್ತಿದರೆ ಸುರಕ್ಷಿತ, 70ರಿಂದ 90ರವರೆಗೆ ಅರೆ ಕ್ಲಿಷ್ಟಕರ, 90ರಿಂದ 100ರವರೆಗೆ ಕ್ಲಿಷ್ಟಕರ, 100ನ್ನು ಮೀರಿದರೆ ಅತಿ ಬಳಕೆ. ಬೆಂಗಳೂರಿನ ಸುತ್ತಲೂ, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲೂ ಅತಿ ಬಳಕೆಯ ತಾಲ್ಲೂಕುಗಳೇ ಹೆಚ್ಚು. ನಾವು ಬಡ್ಡಿಯನ್ನಷ್ಟೇ ಅಲ್ಲ, ಅಸಲನ್ನೂ ತಿನ್ನುತ್ತಿದ್ದೇವೆ ಎಂದು ಇದರ ಅರ್ಥ.

2011ರ ಕರ್ನಾಟಕ ಅಂತರ್ಜಲ ಕಾಯಿದೆಯ ಪ್ರಕಾರ, ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಕೊಳವೆ ಬಾವಿ ಕೊರೆಸುವ ಮುನ್ನ ಅನುಮತಿ ಪಡೆಯಬೇಕು. ಇರುವ ಬಾವಿಯನ್ನು ನೋಂದಾಯಿಸಬೇಕು. ಕೊರೆಯುವ ಯಂತ್ರದವರೂ ನೋಂದಣಿ ಮಾಡಿಸಿರಬೇಕು. ಇದನ್ನು ಬರಿಯ ಕಾಟವೆಂದು ಭಾವಿಸಬೇಡಿರಿ. ನಿಮ್ಮ ಬಾವಿಯ ಪಕ್ಕದಲ್ಲೇ ಬೇರೊಬ್ಬರು ಇನ್ನೂ ಆಳಕ್ಕೆ ಕೊರೆದಾಗ ಮೊದಲು ಬತ್ತುವುದು ನಿಮ್ಮದೇ. ದಾಖಲೆಯಲ್ಲಿರುವ ಬಾವಿಯ ಒಡೆಯನಿಗೆ ಮಾತ್ರ ಅಧಿಕಾರಿಗಳ ಮುಂದೆ ಹೇಳಿಕೊಳ್ಳಲು ಆಧಾರವಿರುತ್ತದೆ.

ಸೌರ ಪಂಪು: ವರವೇ, ಬಲೆಯೇ?

ಕೇಂದ್ರ ಸರ್ಕಾರ 2019ರಲ್ಲಿ ಪಿಎಂ-ಕುಸುಮ್ ಯೋಜನೆಯನ್ನು ಆರಂಭಿಸಿತು. ಅದರಲ್ಲಿ ಮೂರು ಭಾಗಗಳಿವೆ. ಮೊದಲನೆಯದು, ಬಂಜರು ನೆಲದಲ್ಲಿ 500 ಕಿಲೋವಾಟಿನಿಂದ 2 ಮೆಗಾವಾಟಿನವರೆಗಿನ ಸೌರ ಸ್ಥಾವರ. ಎರಡನೆಯದು, ವಿದ್ಯುತ್ ಜಾಲವಿಲ್ಲದ ಕಡೆ ಸ್ವತಂತ್ರ ಸೌರ ಪಂಪು. ಮೂರನೆಯದು, ಈಗಾಗಲೇ ಜಾಲಕ್ಕೆ ಸೇರಿರುವ ಪಂಪುಗಳಿಗೆ ಅಥವಾ ಇಡೀ ಫೀಡರಿಗೆ ಸೌರ ವಿದ್ಯುತ್ತು. ಸ್ವತಂತ್ರ ಸೌರ ಪಂಪಿಗೆ ಕೇಂದ್ರದ ಪಾಲು ಶೇಕಡ 30. ಕರ್ನಾಟಕ ಸರ್ಕಾರ 2023ರಲ್ಲಿ ತನ್ನ ಪಾಲನ್ನು ಶೇಕಡ 30ರಿಂದ 50ಕ್ಕೆ ಏರಿಸಿದ್ದರಿಂದ ರೈತನ ಪಾಲು ಶೇಕಡ 20ಕ್ಕೆ ಇಳಿಯಿತು.

ಸೌರ ಪಂಪಿನಿಂದ ಹಗಲಿನಲ್ಲಿ ನೀರು ದೊರೆಯುತ್ತದೆ. ರಾತ್ರಿ ಹೊತ್ತು ಹಾವು ಚೇಳುಗಳ ನಡುವೆ ತೋಟಕ್ಕೆ ಹೋಗುವ ಕಷ್ಟ ತಪ್ಪುತ್ತದೆ. ಆದರೆ ಬಿಸಿಲಿಗೂ ಬಿಲ್ಲಿಲ್ಲ. ಬಿಸಿಲಿದ್ದಷ್ಟು ಹೊತ್ತೂ ಪಂಪು ಓಡಿಸುತ್ತಿದ್ದರೆ ಪುಕ್ಕಟೆ ವಿದ್ಯುತ್ತಿನಿಂದ ಆದ ಕೇಡೇ ಇಲ್ಲೂ ಆಗುತ್ತದೆ.

ಇದಕ್ಕೆ ಒಂದು ಪರಿಹಾರವನ್ನು ಪ್ರಯೋಗಿಸಿ ನೋಡಲಾಗಿದೆ. ಕರ್ನಾಟಕದಲ್ಲಿ 2014ರಲ್ಲಿ ರೂಪುಗೊಂಡ 'ಸೂರ್ಯ ರೈತ' ಯೋಜನೆಯಲ್ಲಿ ಕನಕಪುರ ತಾಲ್ಲೂಕಿನ ಹಾರೋಬೆಲೆಯ ರೈತರು ಪಂಪು ಓಡಿಸಿ ಮಿಕ್ಕ ಸೌರ ವಿದ್ಯುತ್ತನ್ನು ಬೆಸ್ಕಾಂ ಜಾಲಕ್ಕೆ ಮಾರುವ ಏರ್ಪಾಡಾಯಿತು. ಗುಜರಾತಿನ ಖೇಡಾ ಜಿಲ್ಲೆಯ ಧುಂಡಿ ಗ್ರಾಮದಲ್ಲಿ ರೈತರು ಸಹಕಾರ ಸಂಘವನ್ನೇ ಕಟ್ಟಿಕೊಂಡು 2016ರಲ್ಲಿ ಹೀಗೆ ವಿದ್ಯುತ್ ಮಾರತೊಡಗಿದರು. ಪಂಜಾಬಿನಲ್ಲಿ 2018ರಲ್ಲಿ ಆರಂಭವಾದ ಯೋಜನೆಯೊಂದರಲ್ಲಿ, ಗೊತ್ತುಮಾಡಿದ ಪ್ರಮಾಣಕ್ಕಿಂತ ಕಡಿಮೆ ಬಳಸಿದ ರೈತನಿಗೆ ಉಳಿಸಿದ ಪ್ರತಿ ಯೂನಿಟ್ಟಿಗೆ 4 ರೂಪಾಯಿ ಕೊಡುವ ವ್ಯವಸ್ಥೆ ಮಾಡಲಾಯಿತು. ಇವುಗಳ ಹಿಂದಿರುವ ತತ್ತ್ವ ಒಂದೇ: ಮೋಟಾರು ನಿಲ್ಲಿಸಿದವನಿಗೆ ನಷ್ಟವಾಗಬಾರದು, ಲಾಭವಾಗಬೇಕು. ಆದ್ದರಿಂದ ಸೌರ ಯೋಜನೆಗೆ ಅರ್ಜಿ ಹಾಕುವ ಮುನ್ನ, ಮಿಕ್ಕ ವಿದ್ಯುತ್ತಿಗೆ ನಿಮಗೆ ಹಣ ದೊರೆಯುವುದೇ, ಅಥವಾ ಹಗಲು ವಿದ್ಯುತ್ತು ಮಾತ್ರ ದೊರೆಯುವುದೇ ಎಂದು ಕೇಳಿ ತಿಳಿಯಿರಿ. ಎರಡೂ ಒಂದೇ ಅಲ್ಲ.

ನಗರದ ನೀರು ಹಳ್ಳಿಯ ಕೆರೆಗೆ

ಪರಿಸರ ನೀತಿಯ ಇನ್ನೊಂದು ಮುಖ ಬೆಂಗಳೂರಿನ ಕೊಳಚೆ ನೀರಿಗೆ ಸಂಬಂಧಿಸಿದ್ದು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರ ಜೂನಿನಲ್ಲಿ ಕೋಲಾರ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಯನ್ನು ತಲುಪಿತು. ದಿನಕ್ಕೆ 44 ಕೋಟಿ ಲೀಟರ್ ಹರಿಸುವುದು ಆ ಯೋಜನೆಯ ಗುರಿ. ಮರು ತಿಂಗಳಲ್ಲೇ ನೊರೆ ಕಾಣಿಸಿಕೊಂಡು ನೀರು ನಿಲ್ಲಿಸಬೇಕಾಯಿತು, ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಅಲ್ಲಾಳಸಂದ್ರದ ಸೀಮೆಗೆ ಹತ್ತಿರವಾದುದು ಹೆಬ್ಬಾಳ–ನಾಗವಾರ ಕಣಿವೆ ಯೋಜನೆ. ದಿನಕ್ಕೆ 21 ಕೋಟಿ ಲೀಟರ್ ಸಂಸ್ಕರಿತ ನೀರನ್ನು ಎತ್ತಿ, ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ 65 ಕೆರೆಗಳಿಗೆ ತುಂಬಿಸುವುದು ಇದರ ಉದ್ದೇಶ.

ಈ ನೀರನ್ನು ಕೆರೆಯಿಂದ ನೇರವಾಗಿ ಪಂಪಿನಿಂದ ಎತ್ತಲು ಅವಕಾಶವಿಲ್ಲ. ಕೆರೆಯಲ್ಲಿ ನಿಂತು ಇಂಗಿ, ಸುತ್ತಲ ಬಾವಿಗಳಿಗೆ ಇಳಿಯಲೆಂದೇ ಇದನ್ನು ತರಲಾಗುತ್ತದೆ. ಒಬ್ಬರು ಮೋಟಾರಿಟ್ಟು ಎತ್ತಿದರೆ ಹತ್ತು ಬಾವಿಗಳ ಪಾಲು ಹೋದಂತೆ. ಇದು ಎರಡನೇ ಹಂತದವರೆಗೆ ಮಾತ್ರ ಸಂಸ್ಕರಿಸಿದ ನೀರು ಎಂಬುದನ್ನೂ ಮರೆಯಬಾರದು. ಕೆರೆಯ ಸಮೀಪದ ಬಾವಿಯ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಲು ಬಳಸಬೇಡಿರಿ. ಈ ನೀರಿನಲ್ಲಿ ಸಾರಜನಕ, ರಂಜಕಗಳ ಜೊತೆಗೆ ಲವಣಗಳೂ ಇರುವುದರಿಂದ ಮಣ್ಣು, ನೀರು ಎರಡನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸಿ, ಅದಕ್ಕೆ ತಕ್ಕಂತೆ ಗೊಬ್ಬರದ ಪ್ರಮಾಣ ಹೊಂದಿಸಿಕೊಳ್ಳಿರಿ.

ನೀವು ಮಾಡಬೇಕಾದುದು

1. ಬಾವಿಯಲ್ಲಿ ನೀರು ಎಷ್ಟು ಅಡಿಯಲ್ಲಿದೆ, ಗಂಟೆಗೆ ಎಷ್ಟು ಬರುತ್ತಿದೆ ಎಂಬುದನ್ನು ಬೇಸಗೆಗೊಮ್ಮೆ, ಮಳೆಗಾಲದ ನಂತರ ಒಮ್ಮೆ ಅಳೆದು ಬರೆದಿಡಿರಿ. ಇನ್ನೂರು ಲೀಟರಿನ ಡ್ರಮ್ಮು ಎಷ್ಟು ಹೊತ್ತಿಗೆ ತುಂಬುತ್ತದೆ ಎಂದು ನೋಡಿದರೆ ಸಾಕು.

2. ಬೆಳೆ ಆರಿಸುವ ಮುನ್ನ ಈ ಲೆಕ್ಕವನ್ನು ಮುಂದಿಟ್ಟುಕೊಳ್ಳಿರಿ. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ನೀರಿಗೂ ಅನ್ವಯಿಸುತ್ತದೆ. ನೀರು ಕಡಿಮೆಯಿರುವ ವರ್ಷ ಒಂದು ಭಾಗದಲ್ಲಿ ರಾಗಿ, ತೊಗರಿ, ಅವರೆಗಳಿಗೆ ಅವಕಾಶ ಕೊಡಿರಿ.

3. ಹೊಸ ಬಾವಿಗೆ ಸಾಲ ಮಾಡುವ ಮೊದಲು ಹಳೆಯ ಬಾವಿಯ ಸುತ್ತ ಇಂಗುಗುಂಡಿ ಮಾಡಿರಿ. ಹೊಲದಲ್ಲಿ ಬದು ಮತ್ತು ಕೃಷಿ ಹೊಂಡಗಳಿಂದ ಮಳೆಯ ನೀರನ್ನು ತಡೆಯಿರಿ.

4. ಪಂಪಿನ ಆರ್.ಆರ್. ಸಂಖ್ಯೆ, ಬಾವಿಯ ನೋಂದಣಿ ಪತ್ರ, ಪಹಣಿ ಇವುಗಳನ್ನು ಒಂದೆಡೆ ಜೋಡಿಸಿಡಿರಿ. ಯಾವ ಯೋಜನೆಗೂ ಮೊದಲು ಕೇಳುವುದು ಇವುಗಳನ್ನೇ.

5. ಹನಿ ನೀರಾವರಿ, ಸೌರ ಪಂಪು, ಕೃಷಿ ಹೊಂಡಗಳ ರಿಯಾಯಿತಿಯ ದರಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ದಿನದ ದರವನ್ನು ಸಮೀಪದ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿರಿ.

ನೀತಿಯನ್ನು ರೂಪಿಸುವುದು ಸರ್ಕಾರ. ಅದು ಬದಲಾಗಬಹುದು, ರಿಯಾಯಿತಿ ಹೆಚ್ಚಬಹುದು, ಕಡಿಮೆಯಾಗಬಹುದು. ಸ್ವಿಚ್ಚಿನ ಮೇಲಿರುವ ಕೈ ಮಾತ್ರ ರೈತನದು. ಬೆಳೆಗೆ ಬೇಕಾದಷ್ಟು ನೀರು ಬಂದ ಕೂಡಲೇ ಮೋಟಾರು ನಿಲ್ಲಿಸುವ ರೂಢಿ ಮಾಡಿಕೊಂಡರೆ, ನಾಳೆ ಯಾವ ನೀತಿ ಬಂದರೂ ನಿಮ್ಮ ಬಾವಿಯಲ್ಲಿ ನೀರಿರುತ್ತದೆ.