ಬಂದರು ಊರಿನದು, ಯುದ್ಧ ಅರಸನದು

ಕ್ರಿಸ್ತಶಕ ಮೊದಲ ಶತಮಾನದಲ್ಲಿ ಈಜಿಪ್ಟಿನಿಂದ ಕೆಂಪು ಸಮುದ್ರದ ದಾರಿಯಾಗಿ ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿದ್ದ ಗ್ರೀಕ್ ವರ್ತಕನೊಬ್ಬ ತನ್ನಂಥವರ ಅನುಕೂಲಕ್ಕಾಗಿ ಬರೆದಿಟ್ಟ ಕೈಪಿಡಿಯೇ ‘ಪೆರಿಪ್ಲಸ್’. ಯಾವ ಬಂದರಿನಲ್ಲಿ ಏನು ಸಿಗುತ್ತದೆ, ಎಲ್ಲಿ ಮರಳದಿಬ್ಬ ಇದೆ, ಎಲ್ಲಿ ಎಚ್ಚರ ಬೇಕು ಎಂದು ಹೇಳುತ್ತ ಹೋಗುವ ಆತ ಕಲ್ಯಾಣದ ಬಗ್ಗೆ ಬರೆದಿರುವುದು ಎರಡು ಮೂರು ಸಾಲು ಮಾತ್ರ. ಈ ಕಲ್ಯಾಣ ಬಸವಣ್ಣನವರದಲ್ಲ. ಡೊಂಬಿವಲಿಯ ಪಕ್ಕದಲ್ಲಿ, ಉಲ್ಹಾಸ್ ನದಿಯ ದಂಡೆಯಲ್ಲಿ, ಇಂದು ಸಾವಿರಾರು ಕನ್ನಡಿಗರು ಲೋಕಲ್ ರೈಲು ಹತ್ತಿ ಇಳಿಯುವ ಕಲ್ಯಾಣ. ಹಿರಿಯ ಸರಗನಸ್ ಎಂಬ ದೊರೆಯ ಕಾಲದಲ್ಲಿ ಅದು ಕಟ್ಟಳೆಯಂತೆ ವ್ಯಾಪಾರ ನಡೆಯುವ ಪೇಟೆಯಾಗಿತ್ತು, ಸಂದನೆಸ್ ಎಂಬಾತನ ಕೈಗೆ ಬಂದ ಮೇಲೆ ಅಲ್ಲಿ ವ್ಯಾಪಾರಕ್ಕೆ ತಡೆ ಬಿತ್ತು, ಈಗ ಗ್ರೀಕ್ ಹಡಗು ದಾರಿ ತಪ್ಪಿ ಅಲ್ಲಿಗೆ ಹೋದರೂ ಕಾವಲಿಟ್ಟು ಭರೂಚಿಗೆ ಒಯ್ಯುತ್ತಾರೆ ಎನ್ನುತ್ತಾನೆ ಆತ. ಸಾತವಾಹನರಿಗೂ ಗುಜರಾತಿನ ಕಡೆಯ ಕ್ಷತ್ರಪರಿಗೂ ನಡೆದಿದ್ದ ಹೋರಾಟದಲ್ಲಿ ಒಂದು ಬಂದರಿಗೆ ಹೀಗೆ ಬೀಗ ಬಿದ್ದಿತ್ತು. ಹಡಗಿನ ಸುಂಕ, ಗೋದಾಮಿನ ಬಾಡಿಗೆ, ಹಮಾಲರ ಕೂಲಿ ಎಲ್ಲವೂ ಎದುರಾಳಿಯ ಊರಿಗೆ ಹರಿದುಹೋಯಿತು.

ಆ ವರ್ತಕನ ಪೂರ್ವಿಕರಿಗೆ ಇದು ಹೊಸ ವಿದ್ಯೆಯಾಗಿರಲಿಲ್ಲ. ಕ್ರಿಸ್ತಪೂರ್ವ 432ರ ಸುಮಾರಿಗೆ ಅಥೆನ್ಸ್ ತನ್ನ ನೆರೆಯ ಪುಟ್ಟ ನಗರರಾಜ್ಯ ಮೆಗಾರದ ಮೇಲೆ ಇಂಥದೇ ನಿರ್ಬಂಧ ಹೇರಿತ್ತು: ಅಥೆನ್ಸಿನ ಪೇಟೆಗಾಗಲಿ, ಅದರ ಅಧೀನದಲ್ಲಿದ್ದ ಯಾವ ಬಂದರಿಗಾಗಲಿ ಮೆಗಾರದವರು ಕಾಲಿಡಬಾರದು. 431ರಿಂದ 404ರವರೆಗೆ ಗ್ರೀಸನ್ನು ಸುಟ್ಟ ಪೆಲೊಪೊನೇಸಿಯನ್ ಯುದ್ಧಕ್ಕೆ ಕಾರಣವಾದ ಜಗಳಗಳಲ್ಲಿ ಇದೂ ಒಂದು. ಅಸ್ತ್ರ ಒಂದೇ, ಆದರೆ ಅದನ್ನು ಕೈಗೆತ್ತಿಕೊಂಡವರು ಬೇರೆ. ಮೆಗಾರದ ಮೇಲಿನ ತಡೆಯನ್ನು ಒಪ್ಪಿದ್ದು ಅಥೆನ್ಸಿನ ಪೌರರ ಸಭೆ. ತಡೆಯನ್ನು ತೆಗೆಯಿರಿ ಎಂದು ಎದುರಾಳಿ ಸ್ಪಾರ್ಟ ಕೇಳಿದಾಗ ಅಥೆನ್ಸಿನ ನಾಯಕ ಪೆರಿಕ್ಲಿಸ್ ತೆಗೆಯಬೇಡಿ ಎಂದು ವಾದಿಸಬೇಕಾದದ್ದೂ ಅದೇ ಸಭೆಯ ಮುಂದೆ. ಇಬ್ಬರು ಅರಸರು, 28 ಹಿರಿಯರ ಮಂಡಳಿ, ವರ್ಷಕ್ಕೊಮ್ಮೆ ಆಯ್ಕೆಯಾಗುವ ಎಫೋರರೆಂಬ ಐವರು ಅಧಿಕಾರಿಗಳು ಆಳುತ್ತಿದ್ದ ಸ್ಪಾರ್ಟದಲ್ಲಿ ಕೂಡ ಯುದ್ಧದ ತೀರ್ಮಾನ ಪೌರರ ಸಭೆಗೇ ಬಂತು. ಕೂಗಿನಿಂದ ಬಹುಮತ ತಿಳಿಯುತ್ತಿಲ್ಲವೆಂದು ಎಫೋರ ಸ್ಥೆನೆಲಾಯ್ಡಸ್ ಪರ ಇರುವವರು ಒಂದು ಕಡೆ, ವಿರೋಧ ಇರುವವರು ಇನ್ನೊಂದು ಕಡೆ ಎದ್ದು ನಿಲ್ಲಿ ಎಂದ. ಎದ್ದು ನಿಂತವರೇ ಮರುವರ್ಷ ಈಟಿ ಹಿಡಿದು ಹೊರಟರು. ಅಥೆನ್ಸಿನಲ್ಲಂತೂ ಒಂದೊಂದು ಯುದ್ಧನೌಕೆಗೆ 170 ಜನ ಹುಟ್ಟು ಹಾಕುವವರು ಬೇಕಿತ್ತು. ಆಸ್ತಿಯಿಲ್ಲದ ಬಡ ಪೌರ ಆ ಹುಟ್ಟಿನ ಬಲದಿಂದಲೇ ಸಭೆಯಲ್ಲಿ ತನ್ನ ಮಾತಿಗೆ ತೂಕ ಗಳಿಸಿಕೊಂಡ.

ಹಾಗಾದರೆ ನಮ್ಮ ಕರಾವಳಿಯ ಊರುಗಳಲ್ಲಿ ಪೌರರೆಂಬವರೇ ಇರಲಿಲ್ಲವೇ? ಅರಸ ಹೇಳಿದ್ದನ್ನು ಕೇಳಿಕೊಂಡಿದ್ದ ಜನ, ಅಷ್ಟೇ ಎಂಬ ಮಾತನ್ನು ನಾನು ಒಪ್ಪಲಾರೆ. ಕಲ್ಯಾಣದಿಂದ ಘಟ್ಟ ಹತ್ತಿದರೆ ಸಿಗುವ ನಾಸಿಕದ ಗುಹೆಗಳಲ್ಲಿ ಕ್ಷತ್ರಪ ನಹಪಾನನ ಅಳಿಯ ಉಷವದಾತನ ಶಾಸನವಿದೆ. ಅವನು 3,000 ಕಾರ್ಷಾಪಣ ನಾಣ್ಯಗಳನ್ನು ಅಲ್ಲೇ ಹತ್ತಿರದ ಗೋವರ್ಧನದ ನೇಕಾರರ ಎರಡು ಶ್ರೇಣಿಗಳಲ್ಲಿ ಠೇವಣಿ ಇಟ್ಟ: 2,000ಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ, ಉಳಿದ 1,000ಕ್ಕೆ ಮುಕ್ಕಾಲರಂತೆ ಬಡ್ಡಿ. ಮೊದಲನೆಯದರ ಬಡ್ಡಿಯಿಂದ 20 ಭಿಕ್ಷುಗಳಿಗೆ ತಲಾ 12 ನಾಣ್ಯದ ವಸ್ತ್ರವೆಚ್ಚ. ಕೂಡಿ ನೋಡಿದರೆ ಲೆಕ್ಕ ಸರಿಯಾಗಿ 240ಕ್ಕೆ ನಿಲ್ಲುತ್ತದೆ. ಅಸಲನ್ನು ಮುಟ್ಟುವಂತಿಲ್ಲ. ಇದೆಲ್ಲವನ್ನೂ ನಿಗಮಸಭೆಯಲ್ಲಿ ಓದಿ ಹೇಳಿ, ಪದ್ಧತಿಯಂತೆ ಹಲಗೆಯಲ್ಲಿ ಬರೆಸಲಾಯಿತು ಎಂದು ಶಾಸನವೇ ಹೇಳುತ್ತದೆ. ರಾಜನ ಅಳಿಯನೂ ನೇಕಾರರ ಸಂಘವನ್ನು ನಂಬಿ ಹಣ ಇಡುತ್ತಾನೆ, ಊರಿನ ಸಭೆಯನ್ನು ಸಾಕ್ಷಿಯಾಗಿ ಕರೆಯುತ್ತಾನೆ. ಕಾನ್ಹೇರಿಯ ಗುಹೆಗಳಲ್ಲಿ ಕಲ್ಯಾಣದ ಅಕ್ಕಸಾಲಿಗ, ಕಮ್ಮಾರ, ವರ್ತಕರು ತಮ್ಮ ಕಸುಬನ್ನೂ ಊರನ್ನೂ ಹೇಳಿಕೊಂಡು ದಾನ ಕೊಟ್ಟಿದ್ದಾರೆ. ಸುಮಾರು ಸಾವಿರ ವರ್ಷಗಳ ನಂತರ, ಶ್ರೀಸ್ಥಾನಕವೆಂದು ಹೆಸರಾಗಿದ್ದ ಥಾಣೆಯಿಂದ ಆಳಿದ ಉತ್ತರ ಕೊಂಕಣದ ಶಿಲಾಹಾರರೂ ತಮ್ಮ ತಾಮ್ರಶಾಸನಗಳಲ್ಲಿ ಮಂತ್ರಿ, ಪುರೋಹಿತರ ಜೊತೆಗೆ ಹಂಜಮನ ನಗರದ ಮೂರು ವರ್ಗದ ಪೌರರನ್ನೂ ಸಂಬೋಧಿಸಿ ದಾನದ ಸಂಗತಿ ತಿಳಿಸುತ್ತಾರೆ. ಮೊದಲು ರಾಷ್ಟ್ರಕೂಟರ ಸಾಮಂತರಾಗಿದ್ದ ಈ ಅರಸರ ಬಿರುದುಗಳಲ್ಲಿ ‘ಗಂಡರಗಂಡ’, ‘ನನ್ನಿಸಮುದ್ರ’ ಎಂಬ ಕನ್ನಡ ಬಿರುದುಗಳಿವೆ ಎಂಬುದು ಅಲ್ಲಿ ಈಗ ನೆಲೆಸಿರುವ ಕನ್ನಡಿಗರಿಗೆ ತಿಳಿದಿರಬೇಕಾದ ವಿಷಯ.

ಅಂದರೆ ಹಣ, ಕಸುಬು, ದಾನ, ಸಾಕ್ಷಿ ಇವುಗಳಲ್ಲಿ ಊರಿಗೆ ದನಿಯಿತ್ತು. ಯುದ್ಧ ಬೇಕೆ ಬೇಡವೆ ಎಂಬುದರಲ್ಲಿ ಇರಲಿಲ್ಲ. ಲಿಚ್ಛವಿಗಳ ವೈಶಾಲಿಯಂಥ ಗಣರಾಜ್ಯಗಳು ನಮ್ಮಲ್ಲಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಖಂಡಿತ ಇದ್ದವು, ಅಲ್ಲಿ ಸಭೆ ಸೇರಿ ಯುದ್ಧದ ಮಾತಾಡುತ್ತಿದ್ದರು. ಆದರೆ ಗಂಗೆಯ ಬಯಲಿನ ಆ ಉದಾಹರಣೆಯನ್ನು ಕೊಂಕಣದ ಬಂದರಿಗೆ ತಂದು ಅಂಟಿಸಿದರೆ ಇಲ್ಲಿನ ಶಾಸನಗಳಿಗೇ ಅನ್ಯಾಯ ಮಾಡಿದಂತೆ. ಸಂದನೆಸನ ಕಾಲದಲ್ಲಿ ಬಂದರು ಮುಚ್ಚಿದಾಗ ಕಲ್ಯಾಣದ ವರ್ತಕರು ಯಾವ ಸಭೆಯಲ್ಲೂ ಕೈ ಎತ್ತಿರಲಿಲ್ಲ.

ಇದನ್ನು ನಷ್ಟವೆಂದು ಮಾತ್ರ ಓದಿದರೆ ಅರ್ಧ ಸತ್ಯ ಕೈಬಿಟ್ಟಂತೆ. ಯುದ್ಧಕ್ಕೆ ಕೈ ಎತ್ತಿದ ಪೌರನೇ ಸೈನಿಕನೂ ಆದಾಗ, ಸೋತ ಊರಿನ ಪ್ರತಿಯೊಬ್ಬ ಗಂಡಸೂ ಗೆದ್ದವನ ಕಣ್ಣಿಗೆ ಶತ್ರುವೇ. ಕ್ರಿಸ್ತಪೂರ್ವ 416ರಲ್ಲಿ ಮೆಲೋಸ್ ದ್ವೀಪದ ಊರು ತಲೆಬಾಗಲು ಒಪ್ಪದಿದ್ದಾಗ ಅಥೆನ್ಸ್ ಅದನ್ನು ಮುತ್ತಿ, ಸೆರೆಸಿಕ್ಕ ಗಂಡಸರನ್ನು ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿ ಮಾರಿತು. ಮರುವರ್ಷ ಅದೇ ಸಭೆ ಉತ್ಸಾಹದಿಂದ ಸಿಸಿಲಿಯ ಮೇಲೆ ದಂಡೆತ್ತಿ ಹೋಗಲು ಮತ ಕೊಟ್ಟಿತು. ಎರಡು ವರ್ಷದಲ್ಲಿ ಆ ನೌಕಾಪಡೆ ನಾಶವಾಗಿ ಸುಮಾರು 7,000 ಮಂದಿ ಸಿರಾಕ್ಯೂಸಿನ ಕಲ್ಲುಗಣಿಗಳಲ್ಲಿ ಬಂದಿಗಳಾದರು. ಸಭೆಯಲ್ಲಿ ಹೆಂಗಸರಿಗೆ, ಗುಲಾಮರಿಗೆ, ಹೊರಗಿನಿಂದ ಬಂದು ನೆಲೆಸಿದವರಿಗೆ ಜಾಗವೇ ಇರಲಿಲ್ಲ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ನಮ್ಮ ಕಡೆ ನೋಡಿ: ಸಾತವಾಹನ ಅರಸ ಗೌತಮೀಪುತ್ರ ಶಾತಕರ್ಣಿ ನಹಪಾನನನ್ನು ಸೋಲಿಸಿದ ಮೇಲೆ ಅವನ ಬೆಳ್ಳಿ ನಾಣ್ಯಗಳನ್ನು ಕರಗಿಸದೆ ಮೇಲೆ ತನ್ನ ಮುದ್ರೆ ಒತ್ತಿ ಚಲಾವಣೆಗೆ ಬಿಟ್ಟ. ನಾಸಿಕ ಜಿಲ್ಲೆಯ ಜೋಗಲ್‌ಥೆಂಬಿಯಲ್ಲಿ 1906ರಲ್ಲಿ ಸಿಕ್ಕ 13,000ಕ್ಕೂ ಹೆಚ್ಚು ನಾಣ್ಯಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೀಗೆ ಮರುಮುದ್ರೆ ಪಡೆದವು. ಉಷವದಾತನ ವಶದಲ್ಲಿದ್ದ ಹೊಲವನ್ನು ಗೌತಮೀಪುತ್ರ ನಾಸಿಕದ ಆ ಗುಹೆಗಳ ಭಿಕ್ಷುಗಳಿಗೇ ಕೊಟ್ಟ. ಊರು ಯುದ್ಧ ಸಾರಿರಲಿಲ್ಲವಾದ್ದರಿಂದ ಅದನ್ನು ದಂಡಿಸುವ ಕಾರಣ ಗೆದ್ದವನಿಗಿರಲಿಲ್ಲ; ಸುಂಕ ಕೊಡುವ ಪೇಟೆ ಉಳಿದರೆ ಅವನಿಗೇ ಲಾಭ. ಕಲ್ಯಾಣ ಹೀಗೆಯೇ ಉಳಿಯಿತು, ಆರನೇ ಶತಮಾನದಲ್ಲಿ ಕಾಸ್ಮಾಸ್ ಎಂಬ ಗ್ರೀಕ್ ಬರಹಗಾರ ಅದನ್ನು ದೊಡ್ಡ ಬಂದರುಗಳ ಸಾಲಿನಲ್ಲಿ ಎಣಿಸುವಷ್ಟು. ಹೊರಗಿನವರಿಗೂ ಇಲ್ಲಿ ಬಾಗಿಲು ತೆರೆದಿತ್ತು: ಚಿಂಚಣಿಯಲ್ಲಿ ಸಿಕ್ಕ 926ರ ತಾಮ್ರಶಾಸನದ ಪ್ರಕಾರ ರಾಷ್ಟ್ರಕೂಟರು ಸಂಜಾಣ ಪ್ರದೇಶದ ಆಡಳಿತವನ್ನು ಒಪ್ಪಿಸಿದ್ದು ಮಧುಮತಿ, ಅಂದರೆ ಮುಹಮ್ಮದ್ ಎಂಬ ತಾಜಿಕನಿಗೆ, ಎಂದರೆ ಅರಬನಿಗೆ. ಅಥೆನ್ಸಿನಲ್ಲಿ ಅಂಥವನೊಬ್ಬ ತಲೆಗಂದಾಯ ಕೊಟ್ಟುಕೊಂಡು ಪರಕೀಯನಾಗಿಯೇ ಬದುಕು ಮುಗಿಸಬೇಕಿತ್ತು.

ಆದರೂ ಯುದ್ಧದ ದಂಡನೆಯಿಂದ ಸಿಕ್ಕ ಈ ರಕ್ಷಣೆಗೆ ಊರು ತೆತ್ತ ಬೆಲೆ ದೊಡ್ಡದು, ಅದನ್ನು ಮರೆಮಾಡಬಾರದು. ತನ್ನ ಸಮುದ್ರದ ಮೇಲೆ ತನಗೇ ಅಧಿಕಾರವಿಲ್ಲದ ಪೇಟೆ ಆಳುವವನ ಗುಣವನ್ನೇ ನಂಬಿ ಬದುಕಬೇಕು. 1265ರ ಸುಮಾರಿಗೆ ದೇವಗಿರಿಯ ಯಾದವ ಮಹಾದೇವನೊಡನೆ ನಡೆದ ಯುದ್ಧದಲ್ಲಿ ಶಿಲಾಹಾರರ ಕೊನೆಯ ಅರಸ ಸೋಮೇಶ್ವರ ಕಡಲಿನಲ್ಲಿ ಮುಳುಗಿ ಸತ್ತ. ಬೋರಿವಲಿಯ ಎಕ್ಸರ್‌ನಲ್ಲಿರುವ ವೀರಗಲ್ಲುಗಳಲ್ಲಿ ಸಾಲು ಸಾಲು ಹುಟ್ಟುಗಳ ಹಡಗುಗಳು ಕಾದಾಡುತ್ತವೆ. ಹುಟ್ಟು ಹಾಕಿದವರ ಹೆಸರು ಅಲ್ಲಿಲ್ಲ. ಆ ನೌಕಾಯುದ್ಧದ ಕಾಲುಶತಮಾನದ ನಂತರ ಈ ಕರಾವಳಿಯನ್ನು ವರ್ಣಿಸಿದ ಮಾರ್ಕೊ ಪೋಲೊ, ಥಾಣೆಯ ದೊರೆ ಕಡಲ್ಗಳ್ಳರ ಜೊತೆ ಒಪ್ಪಂದ ಮಾಡಿಕೊಂಡಿದ್ದಾನೆ, ಹಡಗುಗಳಿಂದ ದೋಚಿದ ಸರಕು ಅವರಿಗೆ, ಕುದುರೆಗಳೆಲ್ಲ ದೊರೆಗೆ ಎಂದು ಬರೆದ. ಆ ಹಡಗುಗಳು ಥಾಣೆಯ ಪೇಟೆಯನ್ನೇ ನಂಬಿ ಬರುತ್ತಿದ್ದವು. ಒಪ್ಪಂದ ಮಾಡಿಕೊಳ್ಳುವಾಗ ಪೇಟೆಯವರನ್ನು ಯಾರೂ ಕೇಳಿರಲಿಲ್ಲ.