ವಿಮಾನಯೋಧರ ಪುಸ್ತಕ ನಮಗೇಕೆ ಅನ್ನುತ್ತೀರಾ?

ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟ ಮೇಲೆ, ಮಕ್ಕಳು ಶಾಲೆಯಿಂದ ಬರುವ ಮೊದಲು ಒಂದು ತಾಸು ನಮ್ಮದೇ ಅಂತ ಸಿಗುತ್ತದಲ್ಲ, ಆಗ ನೀವು ಏನು ಓದುತ್ತೀರಿ? ಕಾದಂಬರಿ, ಧಾರಾವಾಹಿ, ಹೊಸರುಚಿ. ನಾನೂ ಅವನ್ನೇ ಓದುವವಳು. ಯುದ್ಧ, ವಿಮಾನ, ಬಾಂಬು ಎಂದರೆ ಗಂಡಸರ ಹರಟೆ ಎಂದು ಬದಿಗಿಡುತ್ತಿದ್ದೆ. ಈ ಅಭಿಪ್ರಾಯ ಬಿಡಿಸಿದವರು ತಿಕೋಟಾದ ಒಬ್ಬ ಗೆಳತಿ.

ಅವರ ಮಗಳು ಐದನೇ ಇಯತ್ತೆ. ನಮ್ಮ ವಿಜಯಪುರದ ಸೈನಿಕ ಶಾಲೆ ನಿಮಗೆ ಗೊತ್ತೇ ಇದೆ, 1963ರಲ್ಲಿ ಶುರುವಾದದ್ದು. ಎಷ್ಟೋ ವರ್ಷ ಅಲ್ಲಿ ಗಂಡುಹುಡುಗರಷ್ಟೇ ಕಲಿತರು. 2021ರಿಂದ ದೇಶದ ಸೈನಿಕ ಶಾಲೆಗಳು ಹೆಣ್ಣುಮಕ್ಕಳಿಗೂ ಬಾಗಿಲು ತೆರೆದವು. ಈ ಹುಡುಗಿಗೆ ಆ ಶಾಲೆ ಸೇರಬೇಕು, ಮುಂದೆ ವಿಮಾನ ಹಾರಿಸಬೇಕು ಎಂಬ ಹಟ.

"ಅಕ್ಕಾರ, ಬ್ಯಾಡ ಅನ್ನಾಕ ಮನಸ್ಸಿಲ್ಲ, ಹೂಂ ಅನ್ನಾಕ ಧೈರ್ಯ ಇಲ್ರಿ," ಎಂದರು ತಾಯಿ. "ಬಬಲೇಶ್ವರದಾಗ ನಮ್ಮ ಅತ್ತಿಯವರು ಈ ಮಾತು ತಗದ್ರ ಎದ್ದ ಹೋಗ್ತಾರ. ಅಲ್ಲಿ ಏನ ಆಗ್ತದ ಅನ್ನೂದು ಅಲ್ಲಿದ್ದವರ ಬಾಯಿಂದನ ಕೇಳಬೇಕು ನಾನು. ಕೆಟ್ಟದ್ದೂ ಗೊತ್ತಾಗಲಿ."

ಅಲ್ಲಿದ್ದವರ ಬಾಯಿ ಎಂದರೆ ಅವರೇ ಬರೆದ ಪುಸ್ತಕ. ಹುಡುಕಲು ಹೊರಟೆ. ಬಹುಪಾಲು ಇಂಗ್ಲಿಷಿನಲ್ಲಿವೆ ಎಂದು ಹೆದರಬೇಡಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗರಿದ್ದರೆ ನೀವು ರೊಟ್ಟಿ ಬಡಿಯುವಾಗ ಎರಡು ಪುಟ ಓದಿ ಕನ್ನಡದಲ್ಲಿ ಹೇಳಲಿ. ಅವರ ಇಂಗ್ಲಿಷೂ ಸುಧಾರಿಸುತ್ತದೆ, ನಿಮಗೂ ಕಥೆ ಸಿಗುತ್ತದೆ.

ನಾನು ಮೊದಲು ಓದಿದ್ದು ರಿಚರ್ಡ್ ಹಿಲರಿ ಬರೆದ 'ದಿ ಲಾಸ್ಟ್ ಎನಿಮಿ'. 1942ರ ಪುಸ್ತಕ. ಈತ ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನದ ಪೈಲಟ್. 1940ರ ಸೆಪ್ಟೆಂಬರ್ 3ರಂದು ವಿಮಾನಕ್ಕೆ ಬೆಂಕಿ ಹತ್ತಿ ಸಮುದ್ರಕ್ಕೆ ಬಿದ್ದ. ಮುಖ, ಎರಡೂ ಕೈ ಸುಟ್ಟುಹೋದವು. ಕಣ್ಣಿಗೆ ಹೊಸ ರೆಪ್ಪೆಗಳನ್ನೇ ವೈದ್ಯರು ಮಾಡಿ ಕೂಡಿಸಬೇಕಾಯಿತು. ಒಲೆಯ ಮುಂದೆ ಬೆರಳು ಸುಟ್ಟುಕೊಂಡು ಅರಿವಿರುವ ನಮಗೆ ಆ ಆಸ್ಪತ್ರೆಯ ಪುಟಗಳು ಯಾವ ಗಂಡಸಿಗಿಂತ ಚೆನ್ನಾಗಿ ತಿಳಿಯುತ್ತವೆ. ಶೌರ್ಯದ ಜಂಬ ಇದರಲ್ಲಿಲ್ಲ. ಗುಣವಾದ ಮೇಲೆ ಆತ ಹಟ ಹಿಡಿದು ಮತ್ತೆ ವಿಮಾನ ಹತ್ತಿದ, 1943ರ ಜನವರಿಯಲ್ಲಿ ರಾತ್ರಿಯ ತರಬೇತಿ ಹಾರಾಟದಲ್ಲಿ ತೀರಿಕೊಂಡ. ವಯಸ್ಸು 23. ಇದನ್ನು ತಿಕೋಟಾಕ್ಕೆ ಕಳಿಸಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಕೆಟ್ಟದ್ದೂ ಗೊತ್ತಾಗಲಿ ಎಂದು ಅವರೇ ಹೇಳಿದ್ದರಲ್ಲ, ಕಳಿಸಿದೆ.

ನಮ್ಮವರ ಪುಸ್ತಕ ಬೇಕೆಂದರೆ ಏರ್ ಚೀಫ್ ಮಾರ್ಷಲ್ ಪಿ. ಸಿ. ಲಾಲ್ ಅವರ 'ಮೈ ಇಯರ್ಸ್ ವಿತ್ ದಿ ಐಎಎಫ್' ಇದೆ. 1971ರ ಯುದ್ಧದಲ್ಲಿ ವಾಯುಪಡೆಯ ಮುಖ್ಯಸ್ಥರಾಗಿದ್ದವರು ಇವರು. 1982ರಲ್ಲಿ ತೀರಿಕೊಂಡರು, ಪುಸ್ತಕ ಹೊರಬಂದದ್ದು 1986ರಲ್ಲಿ. ಅದನ್ನು ತಿದ್ದಿ ಅಚ್ಚಿಗೆ ಸಿದ್ಧ ಮಾಡಿದವರು ಹೆಂಡತಿ ಇಳಾ ಲಾಲ್. ಕೆಲವು ಅಧ್ಯಾಯ ಕಚೇರಿಯ ಕಡತದ ಹಾಗಿವೆ. ಅವನ್ನು ದಾಟಿ ಮುಂದೆ ಹೋಗಿರಿ, ಯಾರೂ ಪರೀಕ್ಷೆ ಇಡುವುದಿಲ್ಲ.

ಹೆಣ್ಣುಮಕ್ಕಳ ಮಾತು ಕೇಳಬೇಕೆಂದರೆ ಸ್ವೆತ್ಲಾನಾ ಅಲೆಕ್ಸಿಯೆವಿಚ್ ಅವರ 'ದಿ ಅನ್‌ವುಮನ್ಲಿ ಫೇಸ್ ಆಫ್ ವಾರ್' ಓದಿ. ಎರಡನೇ ಮಹಾಯುದ್ಧಕ್ಕೆ ಹೋಗಿಬಂದ ಸೋವಿಯತ್ ಹೆಣ್ಣುಮಕ್ಕಳು ತಾವೇ ಹೇಳಿದ್ದನ್ನು ಆಕೆ ಬರೆದುಕೊಂಡು 1985ರಲ್ಲಿ ಪುಸ್ತಕ ಮಾಡಿದರು. ಆ ಯುದ್ಧದಲ್ಲಿ ಹೆಂಗಸರದ್ದೇ ಒಂದು ರಾತ್ರಿ ಬಾಂಬರ್ ದಳ ಇತ್ತು. ಕಟ್ಟಿಗೆ ಮತ್ತು ಬಟ್ಟೆಯ ಹಗುರ ವಿಮಾನ. ಒಂದೇ ರಾತ್ರಿ ಹಲವು ಸಲ ಹಾರಿ, ಬಂದು, ಬಾಂಬು ತುಂಬಿಸಿಕೊಂಡು ಮತ್ತೆ ಹಾರುತ್ತಿದ್ದರು. ಬಹಳ ಕಾಲ ಪ್ಯಾರಾಚೂಟ್ ಕೂಡ ಇರಲಿಲ್ಲ. ನಮ್ಮಲ್ಲಿ ಹುಡುಗಿಯರು ಯುದ್ಧವಿಮಾನದ ಪೈಲಟ್‌ಗಳಾದದ್ದು 2016ರಲ್ಲಿ. ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಈ ಮೂವರೂ ನಮ್ಮ ಬೀದರಿನಲ್ಲಿ ಹಾಕ್ ವಿಮಾನದ ಮೇಲೆ ಕಲಿತವರು. ಈ ಸಂಗತಿ ಕೇಳಿದಾಗ ತಿಕೋಟಾದ ಹುಡುಗಿಯ ಮುಖ ನೀವು ನೋಡಬೇಕಿತ್ತು!

ಅಜ್ಜಿಯ ಮನಸ್ಸು ಹಿಡಿದದ್ದು ಮಾತ್ರ ಪುಸ್ತಕ ಬರೆಯದೆ ಹೋದವರ ಕಥೆ.

ಕೊಡಗಿನ ಅಜ್ಜಮಾಡ ದೇವಯ್ಯ, ಸ್ಕ್ವಾಡ್ರನ್ ಲೀಡರ್. 1965ರ ಸೆಪ್ಟೆಂಬರ್ 7ರ ಬೆಳಿಗ್ಗೆ ಪಾಕಿಸ್ತಾನದ ಸರ್ಗೋಧಾ ವಿಮಾನ ನೆಲೆಯ ಮೇಲೆ ದಾಳಿಗೆ ಹೋದವರು ಮರಳಲಿಲ್ಲ. ಏನಾಯಿತು ಎಂದು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಕಾಣೆಯಾದವರು ಎಂದಾಯಿತು. ಮನೆಯಲ್ಲಿ ಹೆಂಡತಿ ಸುಂದರಿ, ಇಬ್ಬರು ಹೆಣ್ಣುಮಕ್ಕಳು.

1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಪಾಕಿಸ್ತಾನದ ವಾಯುಪಡೆಯ ದೃಷ್ಟಿಯಿಂದ 1965ರ ಯುದ್ಧದ ಪುಸ್ತಕ ಬರೆದರು. ಆ ದಿನ ತಮ್ಮ ಅತಿವೇಗದ ಸ್ಟಾರ್‌ಫೈಟರ್ ವಿಮಾನವೊಂದು ಭಾರತದ ಹಳೆಯ ಮಿಸ್ಟೇರ್ ವಿಮಾನದ ಜೊತೆ ಕಾದಾಡಿ ಬಿತ್ತು, ಪೈಲಟ್ ಪ್ಯಾರಾಚೂಟಿನಿಂದ ಉಳಿದ ಎಂದು ಅದರಲ್ಲಿತ್ತು. ಹಾಗಾದರೆ ಬೀಳಿಸಿದವರು ಯಾರು? ದಾಳಿಯ ನಾಯಕರಾಗಿದ್ದ ಓ. ಪಿ. ತನೇಜಾ ತಾಳೆ ಹಾಕಿ ನೋಡಿದರು. ಮರಳಿ ಬಾರದ ದೇವಯ್ಯನವರೇ ಅದು! ತಮ್ಮ ವಿಮಾನಕ್ಕೆ ಏಟು ಬಿದ್ದ ಮೇಲೂ ಓಡಿಹೋಗದೆ ತಿರುಗಿ ಎದುರಿಸಿದ್ದರು. ತನೇಜಾ ಸುಮ್ಮನೆ ಕೂಡಲಿಲ್ಲ. 1988ರಲ್ಲಿ ಮಹಾವೀರ ಚಕ್ರ ಬಂತು. ತೆಗೆದುಕೊಂಡವರು ಸುಂದರಿ ದೇವಯ್ಯ. 2025ರಲ್ಲಿ ಬಂದ 'ಸ್ಕೈ ಫೋರ್ಸ್' ಎಂಬ ಹಿಂದಿ ಸಿನಿಮಾಕ್ಕೆ ಈ ಘಟನೆಯೇ ಮೂಲ, ಹೆಸರು ಮಾತ್ರ ಬೇರೆ.

ವೈರಿಯ ಕಡೆಯ ಪುಸ್ತಕ ಒಬ್ಬರ ಕೈಗೆ ಬಂದು, ಅವರು ಕಣ್ಣಿಟ್ಟು ಓದಿರದಿದ್ದರೆ ಏನಾಗುತ್ತಿತ್ತು, ನೀವೇ ಹೇಳಿ.

ತಿಕೋಟಾದ ಗೆಳತಿ ಇದನ್ನು ಬಬಲೇಶ್ವರದ ಕಟ್ಟೆಯ ಮೇಲೆ ಅತ್ತೆಗೆ ಹೇಳಿದರು. ಮುದುಕಿ ಈ ಸಲ ಎದ್ದು ಹೋಗಲಿಲ್ಲ. ದಾಳಿ, ಪದಕ ಯಾವುದನ್ನೂ ಕೇಳಲಿಲ್ಲ.

"ಹದಿನಾಲ್ಕ ವರ್ಷ ಗಂಡಾ ಹೆಂಗ ಹ್ವಾದಾ ಅನ್ನೂದರ ಸುಳಿವ ಇಲ್ಲೇನ ಆಕೀಗೆ?" ಎಂದರಂತೆ. ಸ್ವಲ್ಪ ಹೊತ್ತಿನ ಮೇಲೆ, "ತಿರುಗಿ ಬಂದಾವರದೂ ಕಥಿ ಇರಬೇಕಲಾ? ಅದನ್ನ ತಾ."

ಇದೆ. 'ಫೋರ್ ಮೈಲ್ಸ್ ಟು ಫ್ರೀಡಂ', ಕೆನಡಾದ ಫೇತ್ ಜಾನ್‌ಸ್ಟನ್ ಎಂಬಾಕೆ ಬರೆದದ್ದು, 2013ರದು. 1971ರಲ್ಲಿ ಸೆರೆಯಾದ ನಮ್ಮ ಪೈಲಟ್‌ಗಳಲ್ಲಿ ದಿಲೀಪ್ ಪರೂಲ್ಕರ್, ಗರೇವಾಲ್, ಹರೀಶ್ ಸಿಂಹಜಿ ಈ ಮೂವರು 1972ರ ಆಗಸ್ಟಿನಲ್ಲಿ ರಾವಳಪಿಂಡಿಯ ಶಿಬಿರದ ಗೋಡೆ ಕೊರೆದು ಹೊರಬಿದ್ದರು. ಅಫ್ಘಾನಿಸ್ತಾನದ ಗಡಿ ನಾಲ್ಕು ಮೈಲು ಇದ್ದಾಗ ಸಿಕ್ಕಿಬಿದ್ದರು. ಎಂದೋ ಮುಚ್ಚಿಹೋದ ರೈಲು ನಿಲ್ದಾಣದ ದಾರಿ ಕೇಳಿದ್ದೇ ತಪ್ಪಾಯಿತು! ಆದರೂ ಅದೇ ವರ್ಷ ಡಿಸೆಂಬರಿನಲ್ಲಿ ಎಲ್ಲರ ಜೊತೆ ಮನೆಗೆ ಬಂದರು.

ಪುಸ್ತಕಕ್ಕೆ ಕಂದುಬಣ್ಣದ ಕಾಗದದ ಹೊದಿಕೆ ಹಾಕಿ, ಕೊನೆಯ ಪುಟದಲ್ಲಿ ಓದಿದವರೆಲ್ಲ ಹೆಸರು ಬರೆಯಿರಿ ಎಂದು ಚೀಟಿ ಅಂಟಿಸಿ ಬಸ್ಸಿನಲ್ಲಿ ಬರುವವರ ಕೈಯಲ್ಲಿ ಕಳಿಸಿದೆ. ಹೀಗೆ ಮಾಡಿದರೆ ಪುಸ್ತಕ ಕಳೆಯುವುದು ಕಡಿಮೆ. ನೀವೂ ಮಾಡಿ ನೋಡಿ.

ಹುಡುಗಿಯ ಪರೀಕ್ಷೆಯ ಅರ್ಜಿ ತುಂಬಿಯಾಗಿದೆ. ಅಜ್ಜಿ ಹೂಂ ಅಂದಿಲ್ಲ, ಬ್ಯಾಡ ಎಂದೂ ಅಂದಿಲ್ಲ. ಪುಸ್ತಕ ಬಬಲೇಶ್ವರದಲ್ಲಿದೆ. ಕಾಲೇಜು ಓದುವ ಮೊಮ್ಮಗ ದಿನಾ ಸಂಜೆ ನಾಲ್ಕು ಪುಟ ಓದಿ ಹೇಳುತ್ತಾನಂತೆ. ಆ ಮೂವರು ಇನ್ನೂ ಗೋಡೆ ಕೊರೆಯುತ್ತಿದ್ದಾರೆ.