ಕಾಲಂ ತಪ್ಪಿದ ಸಂಖ್ಯೆ

1990ರ ಆಸುಪಾಸು. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಬ್ಯಾಂಕ್ ಶಾಖೆಯಲ್ಲಿ ನಾನು ಗುಮಾಸ್ತ. ದಪ್ಪ ಲೆಡ್ಜರ್ ಪುಸ್ತಕಗಳು ಹೋಗಿ ಲೆಡ್ಜರ್ ಮಷಿನ್ ಬಂದು ಆರು ತಿಂಗಳಾಗಿತ್ತು. ಖಾತೆ ನಂಬರು ಒಂದು ಕಡೆ, ಮೊತ್ತ ಇನ್ನೊಂದು ಕಡೆ ಒತ್ತಬೇಕು. ಒಂದು ಬೆಳಿಗ್ಗೆ ನಿವೃತ್ತ ಮೇಷ್ಟ್ರೊಬ್ಬರು ದಿನಸಿ ಅಂಗಡಿಗೆ ಕೊಟ್ಟಿದ್ದ 40 ರೂಪಾಯಿಯ ಚೆಕ್ಕು ನನ್ನ ಮೇಜಿಗೆ ಬಂತು. ಅವರ ಖಾತೆ ನಂಬರು 2716. ಪಕ್ಕದ ಸೀಟಿನವರ ಜೊತೆ ಮಾತಾಡುತ್ತಾ ಮೊತ್ತದ ಕಾಲಂನಲ್ಲೂ 2716 ಅಂತಲೇ ಒತ್ತಿಬಿಟ್ಟೆ. ಮಷಿನ್ ತಕರಾರು ಮಾಡಲಿಲ್ಲ. ಅದಕ್ಕೇನು, ಅಂಕಿ ಕೇಳಿತ್ತು, ಅಂಕಿ ಸಿಕ್ಕಿತು.

ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಮೇಷ್ಟ್ರು 1,500 ರೂಪಾಯಿ ತೆಗೆಯಲು ಬಂದರು. ಹೆಂಡತಿಯನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕು, ಮೂರು ಗಂಟೆಗೆ ಬಸ್ಸು. ನಾನು ನೋಡಿ, "ಅಷ್ಟು ಹಣ ಇಲ್ಲ ಮೇಷ್ಟ್ರೇ" ಅಂದೆ. ಅವರು ಒಂದು ಕ್ಷಣ ನಿಂತರು. ಜಗಳ ಮಾಡಲಿಲ್ಲ. ಕೊಡೆ ತೆಗೆದುಕೊಂಡು ಹೊರಟುಹೋದರು. ಸಂಜೆ ಟ್ಯಾಲಿ ಆಗಲಿಲ್ಲ. 2,676 ರೂಪಾಯಿ ವ್ಯತ್ಯಾಸ. ರಾತ್ರಿ ಎಂಟೂವರೆಯ ತನಕ ಹುಡುಕಿ ತಪ್ಪು ಹಿಡಿದೆವು. ಅವರ ಮನೆಗೆ ಓಡಿದೆ, ಬೀಗ ಹಾಕಿತ್ತು. ಯಾರ ಹತ್ತಿರ ಸಾಲ ಮಾಡಿಕೊಂಡು ಹೋದರೋ!

ಮೂವತ್ತೈದು ವರ್ಷದ ಈ ಹಳೆಯ ಕಥೆ ಮೊನ್ನೆ ಮತ್ತೆ ನೆನಪಾದದ್ದು ನಮ್ಮ ಮನೆಯ ಇಂಟರ್ನೆಟ್ ಕೆಟ್ಟಾಗ. ಏಳನೇ ತರಗತಿಯ ಮೊಮ್ಮಗಳು ರೂಟರಿನ ಮುಂದೆ ಕೂತು ಕೆಂಪು ದೀಪವನ್ನೇ ದಿಟ್ಟಿಸುತ್ತಿದ್ದಳು. "ಅಜ್ಜ, ನಮ್ಮನೇದು ಕೆಟ್ಟರೆ ನಮಗೆ ಮಾತ್ರ ತೊಂದರೆ. ಎಲ್ಲರದ್ದೂ ಒಟ್ಟಿಗೇ ಕೆಡತ್ತಾ?" ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸದಲ್ಲಿರುವ ಅಳಿಯಂದಿರಿಗೆ ಫೋನ್ ಮಾಡಿದೆ. "ಮಾವ, ನಿಮ್ಮಂಥವರೇ ಒಬ್ಬರು ಯುರೋಪಿನಲ್ಲಿ ಕಾಲಂ ತಪ್ಪಿ ಅಂಕಿ ಒತ್ತಿ ಹತ್ತಿರಹತ್ತಿರ ಆ ಕೆಲಸ ಮಾಡಿದ್ದರು" ಅಂತ ನಕ್ಕರು. ಅವರಿಂದ ಕೇಳಿ, ಆಮೇಲೆ ನಾನೇ ಒಂದಷ್ಟು ಓದಿ, ಕಾಗದದ ಮೇಲೆ ಲೆಕ್ಕ ಹಾಕಿ ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ. ಮಕ್ಕಳೇ, ಒಂದು ಪೆನ್ಸಿಲ್ ಹತ್ತಿರ ಇಟ್ಟುಕೊಳ್ಳಿ. ಮುಂದೆ ಒಂದು ಭಾಗಾಕಾರ ಇದೆ.

ಇಂಟರ್ನೆಟ್ ಅಂದರೆ ಒಂದೇ ದೊಡ್ಡ ಯಂತ್ರ ಅಂದುಕೊಂಡಿದ್ದೆ. ಅಲ್ಲವಂತೆ. ಸಾವಿರಾರು ಬೇರೆ ಬೇರೆ ಜಾಲಗಳು ಕೈ ಕೈ ಹಿಡಿದು ನಿಂತಿರುವುದೇ ಇಂಟರ್ನೆಟ್. ಟೆಲಿಫೋನ್ ಕಂಪನಿಯದ್ದು ಒಂದು ಜಾಲ, ವಿಶ್ವವಿದ್ಯಾಲಯದ್ದು ಒಂದು, ಹೀಗೆ. ಪ್ರತಿ ಜಾಲಕ್ಕೂ ಒಂದು ನಂಬರು ಕೊಟ್ಟಿರುತ್ತಾರೆ, ನಮ್ಮ ಶಾಖೆಗಳಿಗೆ ಕೋಡ್ ನಂಬರು ಇದ್ದ ಹಾಗೆ. ಜಾಲಗಳ ಗಡಿಯಲ್ಲಿ ನಿಂತು ದಾರಿ ತೋರಿಸುವ ದೊಡ್ಡ ಯಂತ್ರಗಳೂ ರೂಟರ್‌ಗಳೇ, ನಮ್ಮ ಮನೆಯ ಡಬ್ಬಿಯ ಹಿರಿಯಣ್ಣಂದಿರು.

ಜಗತ್ತಿನ ಪೂರ್ತಿ ನಕ್ಷೆ ಇವುಗಳಲ್ಲಿ ಯಾವುದರ ಹತ್ತಿರವೂ ಇಲ್ಲ. ಪಕ್ಕದವರು ಹೇಳಿದ್ದನ್ನು ನಂಬಿ ನಡೆಯುತ್ತವೆ. ಒಂದು ರೂಟರು ಪಕ್ಕದ್ದಕ್ಕೆ, "ಈ ವಿಳಾಸಗಳಿಗೆ ಹೋಗಬೇಕಾದ್ದನ್ನು ನನ್ನ ಕೈಗೆ ಕೊಡು, ತಲುಪಿಸುತ್ತೇನೆ" ಅನ್ನುತ್ತದೆ. ಅದನ್ನು ಕೇಳಿಸಿಕೊಂಡ ಜಾಲ ತನ್ನ ನಂಬರನ್ನೂ ಸೇರಿಸಿ ಆಚೆಯವರಿಗೆ ದಾಟಿಸುತ್ತದೆ. ಹೀಗೆ ಸುದ್ದಿ ದೂರ ಹೋದಂತೆ ಅದರ ಹಿಂದೆ ನಂಬರುಗಳ ಪಟ್ಟಿ ಬೆಳೆಯುತ್ತದೆ. ಒಂದೇ ವಿಳಾಸಕ್ಕೆ ಎರಡು ದಾರಿ ಗೊತ್ತಾದರೆ ಸಾಮಾನ್ಯವಾಗಿ ಪಟ್ಟಿ ಚಿಕ್ಕದಿರುವ ದಾರಿಯನ್ನು ಹಿಡಿಯುತ್ತದೆ. ಪಟ್ಟಿಯಲ್ಲಿ ತನ್ನದೇ ನಂಬರು ಕಂಡರೆ "ಇದು ಸುತ್ತಿ ಸುತ್ತಿ ನನ್ನ ಹತ್ತಿರವೇ ಬಂದಿದೆ" ಅಂತ ಬಿಸಾಡುತ್ತದೆ.

ಈ ವ್ಯವಸ್ಥೆಗೆ ಬಾರ್ಡರ್ ಗೇಟ್‌ವೇ ಪ್ರೋಟೋಕಾಲ್, ಚಿಕ್ಕದಾಗಿ ಬಿಜಿಪಿ ಅನ್ನುತ್ತಾರೆ. 1989ರ ಜನವರಿಯಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಒಂದು ಸಭೆ. ಐಬಿಎಂನ ಯಾಕೋವ್ ರೆಕ್ಟರ್ ಮತ್ತು ಸಿಸ್ಕೋದ ಕರ್ಕ್ ಲೌಹೀಡ್ ಮಧ್ಯಾಹ್ನದ ಊಟಕ್ಕೆ ಕೂತಾಗ ಕೈ ಒರೆಸುವ ಕಾಗದದ ಮೇಲೆ ಇದರ ನೀಲನಕ್ಷೆ ಬರೆದರು. ಇವತ್ತಿಗೂ ಇಂಟರ್ನೆಟ್ಟಿನವರು ಅದನ್ನು ನ್ಯಾಪ್‌ಕಿನ್ ಪ್ರೋಟೋಕಾಲ್ ಅಂತ ತಮಾಷೆ ಮಾಡುತ್ತಾರೆ. ಅಂದಿನ ತುರ್ತಿಗೆಂದು ಮಾಡಿದ ಏರ್ಪಾಡು ಇಂದಿಗೂ ನಡೆಯುತ್ತಿದೆ. ನಮ್ಮ ಬ್ಯಾಂಕಿನಲ್ಲೂ ತಾತ್ಕಾಲಿಕ ಅಂತ ಹಾಕಿದ ಮೇಜು ನಾನು ನಿವೃತ್ತನಾಗುವ ದಿನವೂ ಅಲ್ಲೇ ಇತ್ತು ಬಿಡಿ.

ಈಗ ಕಥೆಗೆ ಬರೋಣ. 2009ರ ಫೆಬ್ರವರಿ 16, ಸೋಮವಾರ. ಯುರೋಪಿನ ಚೆಕ್ ಗಣರಾಜ್ಯದಲ್ಲಿ ಒಂದು ಸಣ್ಣ ಇಂಟರ್ನೆಟ್ ಕಂಪನಿ. ಅದರ ಜಾಲದ ನಂಬರು 47868. ಇಂಥ ಜಾಲಗಳಿಗೆ ಹೊರಜಗತ್ತಿಗೆ ಹೋಗಲು ಎರಡು ಬಾಗಿಲು ಇರುವುದುಂಟು. ಒಂದು ಹೆಬ್ಬಾಗಿಲು, ಇನ್ನೊಂದು ಹಿತ್ತಿಲ ಬಾಗಿಲು. ಹೆಬ್ಬಾಗಿಲು ಮುಚ್ಚಿದರೆ ಮಾತ್ರ ಜನ ಹಿತ್ತಿಲ ಕಡೆ ಬರಲಿ ಎಂದು ಆಸೆ. ಅದಕ್ಕೊಂದು ಉಪಾಯ ಇದೆ. ಹಿತ್ತಿಲ ಬಾಗಿಲಿನ ಕಡೆ ಸುದ್ದಿ ಹೇಳುವಾಗ ತಮ್ಮ ನಂಬರನ್ನು ಒಂದರ ಬದಲು ಎರಡು ಮೂರು ಸಲ ಬರೆಯುವುದು. ಪಟ್ಟಿ ಉದ್ದ ಕಾಣುತ್ತದೆ, "ಇದು ದೂರದ ದಾರಿ" ಅಂತ ಎಲ್ಲರೂ ಬಿಟ್ಟುಬಿಡುತ್ತಾರೆ. ಇದರಲ್ಲಿ ಮೋಸವೇನೂ ಇಲ್ಲ, ಎಲ್ಲರೂ ಮಾಡುವುದೇ.

ಯಡವಟ್ಟಾಗುವುದು ಎಲ್ಲಿ ಅಂದರೆ, ಇದನ್ನು ರೂಟರಿಗೆ ಹೇಳುವ ರೀತಿ ಕಂಪನಿಯಿಂದ ಕಂಪನಿಗೆ ಬೇರೆ. ಸಿಸ್ಕೋ ರೂಟರಿನಲ್ಲಿ ಜಾಲದ ನಂಬರನ್ನೇ ಎಷ್ಟು ಸಲ ಬೇಕೋ ಅಷ್ಟು ಸಲ ಬರೆಯಬೇಕು. ಚೆಕ್ ಕಂಪನಿಯವರು ಬಳಸುತ್ತಿದ್ದ ಮೈಕ್ರೋಟಿಕ್ ರೂಟರಿನಲ್ಲಿ ಎಷ್ಟು ಸಲ ಎಂಬ ಸಂಖ್ಯೆಯನ್ನಷ್ಟೇ ಕೊಡಬೇಕು. 2 ಅಂದರೆ ಎರಡು ಸಲ, 3 ಅಂದರೆ ಮೂರು ಸಲ. ಅಲ್ಲಿ ಕೂತಿದ್ದವರು, ಪಾಪ, ಆ ಜಾಗದಲ್ಲಿ ಜಾಲದ ನಂಬರನ್ನೇ ಒತ್ತಿದರು: 47868. ನನ್ನ 2716ರ ಹಾಗೆಯೇ! ಇದನ್ನು ಕೇಳಿದಾಗ ಹೆಸರು ಗೊತ್ತಿಲ್ಲದ ಆ ಮನುಷ್ಯನ ಬಗ್ಗೆ ನನಗೆ ಬಂಧುವಿನ ಪ್ರೀತಿ ಉಕ್ಕಿಬಂತು.

ಹಾಗಾದರೆ ನಂಬರು 47,868 ಸಲ ಬರೆಯಿತೇ? ಇಲ್ಲ. ಎಷ್ಟು ಸಲ ಎಂಬುದನ್ನು ಇಡಲು ಆ ರೂಟರಿನಲ್ಲಿ ಇದ್ದದ್ದು ಒಂದೇ ಬೈಟ್ ಜಾಗ. ಒಂದು ಬೈಟಿನಲ್ಲಿ 0ಯಿಂದ 255ರವರೆಗೆ, ಅಂದರೆ 256 ಅಂಕಿಗಳಿಗೆ ಮಾತ್ರ ಜಾಗ. ಹಳೆಯ ಸ್ಕೂಟರಿನ ಮೀಟರು 99999 ಆದ ಮೇಲೆ ಮತ್ತೆ ಸೊನ್ನೆಯಿಂದ ಸುತ್ತುತ್ತಿತ್ತಲ್ಲ, ಹಾಗೇ ಇದು 255 ಆದ ಮೇಲೆ ಸೊನ್ನೆಗೆ ಬರುತ್ತದೆ. ಪೆನ್ಸಿಲ್ ತಗೊಳ್ಳಿ. 47868ನ್ನು 256ರಿಂದ ಭಾಗಿಸಿ. 186 ಪೂರ್ತಿ ಸುತ್ತು ಆಗಿ ಎಷ್ಟು ಉಳಿಯಿತು? 252. ರೂಟರು 252 ಸಲ 47868, 47868, 47868 ಅಂತ ಬರೆದು ಪಕ್ಕದವರಿಗೆ ಕಳಿಸಿತು. ಉದ್ದದ ಪಟ್ಟಿಯೇ. ಆದರೆ ನಿಯಮದ ಪ್ರಕಾರ ತಪ್ಪಲ್ಲ.

ನಿಜವಾದ ದೋಷ ಅಡಗಿದ್ದದ್ದು ಇನ್ನೆಲ್ಲೋ. ಬಿಜಿಪಿ ಸಂದೇಶದಲ್ಲಿ ಪಟ್ಟಿಯ ಒಂದು ಪುಟದಲ್ಲಿ ಹೆಚ್ಚೆಂದರೆ 255 ನಂಬರು ಹಿಡಿಯುತ್ತವೆ. ಪುಟ ತುಂಬಿದರೆ ಹೊಸ ಪುಟ ಶುರು ಮಾಡಬೇಕು. ಲೆಡ್ಜರ್ ಬರೆದವರಿಗೆ ಇದು ಗೊತ್ತು. ಪುಟದ ಕೊನೆಗೆ ಬಂದಾಗ ಮೊತ್ತವನ್ನು ಮುಂದಿನ ಪುಟಕ್ಕೆ ಒಯ್ಯುವಲ್ಲೇ ಹೊಸ ಹುಡುಗರು ಎಡವುತ್ತಿದ್ದರು. ಆ ಕಾಲದ ಎಷ್ಟೋ ಸಿಸ್ಕೋ ರೂಟರ್‌ಗಳ ತಂತ್ರಾಂಶಕ್ಕೂ ಅದೇ ಕಾಯಿಲೆ. ಪುಟ ತಿರುಗಿಸಲು ಸರಿಯಾಗಿ ಬರುತ್ತಿರಲಿಲ್ಲ. ಅಷ್ಟು ಉದ್ದದ ಪಟ್ಟಿ ಯಾರೂ ಕಳಿಸುತ್ತಿರಲಿಲ್ಲವಾದ್ದರಿಂದ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

252 ನಂಬರಿನ ಪಟ್ಟಿ ಚೆಕ್ ದೇಶದಿಂದ ಹೊರಟಿತು. ಮೊದಲ ಜಾಲ ತನ್ನದೊಂದು ಸೇರಿಸಿತು. ಎರಡನೆಯದು ಇನ್ನೊಂದು. ಹತ್ತಿರದವರಿಗೆ ಏನೂ ಆಗಲಿಲ್ಲ. ಮೂರು ನಾಲ್ಕು ಜಾಲ ದಾಟುವಷ್ಟರಲ್ಲಿ 255 ಮೀರಿತು. ಅಲ್ಲಿದ್ದ ದೋಷವಿರುವ ರೂಟರು ಪುಟ ತಿರುಗಿಸಲು ಹೋಗಿ ಸಂದೇಶವನ್ನೇ ಕೆಡಿಸಿ ಪಕ್ಕದ್ದಕ್ಕೆ ಕೊಟ್ಟಿತು.

ಮುಂದೆ ನಡೆದದ್ದು ನನಗೆ ತುಂಬ ವಿಚಿತ್ರ ಅನ್ನಿಸಿದ ಭಾಗ. ಕೆಟ್ಟ ಸಂದೇಶ ಪಡೆದ ಪಕ್ಕದ ರೂಟರಿಗೆ ಯಾವ ಕಾಯಿಲೆಯೂ ಇಲ್ಲ, ಅದು ಶಿಸ್ತಿನ ಸಿಪಾಯಿ. ಆಗಿನ ನಿಯಮ ಹೀಗಿತ್ತು: ಅರ್ಥವಾಗದಂತೆ ಕೆಟ್ಟ ಸಂದೇಶ ಬಂದರೆ ಕಳಿಸಿದವರ ಜೊತೆ ಸಂಪರ್ಕ ಕಡಿದುಕೊಳ್ಳಬೇಕು. ಕಡಿದುಕೊಂಡಿತು. ಸಂಪರ್ಕ ಕಡಿದರೆ ಆ ಒಂದು ಸಂದೇಶ ಮಾತ್ರ ಹೋಗುವುದಲ್ಲ, ಆ ಪಕ್ಕದವರಿಂದ ಕಲಿತ ಎಲ್ಲ ದಾರಿಗಳನ್ನೂ ಅಳಿಸಬೇಕು. ಆಗ ಜಗತ್ತಿನ ಒಟ್ಟು ದಾರಿಗಳ ಪಟ್ಟಿ ಎರಡೂವರೆ ಲಕ್ಷಕ್ಕೂ ಹೆಚ್ಚು. ಒಂದು ಚೆಕ್ಕಿನಲ್ಲಿ ಸಹಿ ಸರಿಯಿಲ್ಲ ಅಂತ ಇಡೀ ಶಾಖೆಯ ಲೆಡ್ಜರುಗಳನ್ನೆಲ್ಲ ಬೆಂಕಿಗೆ ಹಾಕಿದ ಹಾಗೆ. ಸ್ವಲ್ಪ ಹೊತ್ತಿಗೆ ಎರಡೂ ರೂಟರು ಮತ್ತೆ ಕೈ ಕುಲುಕಿ, ದಾರಿಗಳನ್ನು ಮೊದಲಿನಿಂದ ಹೇಳಿಕೊಳ್ಳತೊಡಗುತ್ತವೆ. ನಡುವೆ ಅದೇ ಕೆಟ್ಟ ಸಂದೇಶ ಮತ್ತೆ ಬರುತ್ತದೆ. ಮತ್ತೆ ಟೂ ಬಿಡುತ್ತವೆ. ಆ ಸೋಮವಾರ ಸುಮಾರು ಒಂದು ಗಂಟೆ ಕಾಲ ಜಗತ್ತಿನ ಹಲವು ಕಡೆ ಇದೇ ನಡೆಯಿತು. ನಮ್ಮಲ್ಲಿ ಆಗ ರಾತ್ರಿ. ಎಲ್ಲೋ ಯಾರೋ ಪರದೆ ನೋಡುತ್ತಾ "ಇವತ್ತೇನು ನೆಟ್ ಹೀಗೆ" ಅಂದುಕೊಂಡಿರಬೇಕು. ಕಾರಣ, ಅವರು ಹೆಸರೂ ಕೇಳದ ಒಂದು ಊರಿನಲ್ಲಿ ಕಾಲಂ ತಪ್ಪಿದ ಒಂದು ಸಂಖ್ಯೆ.

ಅಂದು ಅದು ಕೈತಪ್ಪು. ಆದರೆ ಕೈತಪ್ಪಿನಿಂದ ಆಗುವುದನ್ನು ಬೇಕೆಂದೇ ಮಾಡುವವರೂ ಇರುತ್ತಾರಲ್ಲ, ಅದಕ್ಕೇ ಇಂಥದನ್ನು ಭದ್ರತಾ ಲೋಪ ಅನ್ನುವುದು. ಸಿಸ್ಕೋ ತಂತ್ರಾಂಶವನ್ನು ತಿದ್ದಿತು. ಇಷ್ಟಕ್ಕಿಂತ ಉದ್ದದ ಪಟ್ಟಿ ಬಂದರೆ ತೆಗೆದುಕೊಳ್ಳಬೇಡ ಎಂದು ರೂಟರಿಗೆ ಹೇಳುವ ಸೌಲಭ್ಯ ಮೊದಲೇ ಇತ್ತಂತೆ. ಆದರೆ ಬಹಳ ಕಡೆ ಅದನ್ನು ಹಾಕಿಯೇ ಇರಲಿಲ್ಲ. ನಮ್ಮಲ್ಲೂ ಬೀರುವಿಗೆ ಎರಡು ಬೀಗದ ವ್ಯವಸ್ಥೆ ಇತ್ತು, ಒಂದನ್ನೇ ಹಾಕುತ್ತಿದ್ದೆವು. ಇನ್ಸ್‌ಪೆಕ್ಷನ್ ದಿನ ಮಾತ್ರ ಎರಡು.

ಮರುವರ್ಷವೇ, 2010ರ ಆಗಸ್ಟ್ 27ರಂದು, ಇಂಥದೇ ಇನ್ನೊಂದು ನಡೆಯಿತು. ಯುರೋಪಿನಲ್ಲಿ ಇಂಟರ್ನೆಟ್ ವಿಳಾಸಗಳನ್ನು ಹಂಚುವ ಸಂಸ್ಥೆ ಮತ್ತು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಸಂಶೋಧನೆಗಾಗಿ, ನಿಯಮಕ್ಕೆ ಒಳಪಟ್ಟೇ, ಹೊಸ ಬಗೆಯ ಒಂದು ಸಂದೇಶ ಬಿಟ್ಟರು. ಒಂದು ಜಾತಿಯ ರೂಟರ್‌ಗಳು ಅದನ್ನು ಕೆಡಿಸಿ ಮುಂದೆ ದಾಟಿಸಿದವು. ಮತ್ತೆ ಅದೇ ಸಂಪರ್ಕ ಕಡಿಯುವ ಆಟ. ಅರ್ಧ ಗಂಟೆಯೊಳಗೆ ಪ್ರಯೋಗ ನಿಲ್ಲಿಸಿದರು.

ಕೊನೆಗೆ 2015ರಲ್ಲಿ ನಿಯಮವನ್ನೇ ಬದಲಿಸಿದರು. ಒಂದು ದಾರಿಯ ಸುದ್ದಿ ಕೆಟ್ಟು ಬಂದರೆ ಸಾಧ್ಯವಾದಷ್ಟೂ ಆ ಒಂದು ದಾರಿಯನ್ನು ಮಾತ್ರ ಬಿಡು, ಸ್ನೇಹ ಕಡಿದುಕೊಳ್ಳಬೇಡ ಎಂದು. ಇಷ್ಟು ಸರಳ ವಿವೇಕ ಬರಲು ಇಪ್ಪತ್ತಾರು ವರ್ಷ ಬೇಕಾಯಿತು. ಬಂದರೂ ಎಲ್ಲ ರೂಟರ್‌ಗಳಿಗೂ ಮುಟ್ಟಿಲ್ಲ. 2023ರ ಜೂನ್‌ನಲ್ಲಿ ಬ್ರೆಜಿಲ್‌ನ ಒಂದು ಸಣ್ಣ ಜಾಲದಿಂದ ಹೊರಟ ಕೆಟ್ಟ ಸುದ್ದಿಯೊಂದು ಮತ್ತೆ ಹೀಗೆಯೇ ಸಂಪರ್ಕಗಳನ್ನು ಕಡಿಸಿತು.

ನಮ್ಮ ಮೇಷ್ಟ್ರು ಐದನೇ ದಿನ ಬ್ಯಾಂಕಿಗೆ ಬಂದರು. ಹೆಂಡತಿ ಹುಷಾರಾಗಿದ್ದರು. ಮಂಗಳೂರಿಗೆ ಹೋಗಲು ದಿನಸಿ ಅಂಗಡಿಯವರೇ ಸಾಲ ಕೊಟ್ಟಿದ್ದರಂತೆ, ಆ 40 ರೂಪಾಯಿ ಚೆಕ್ಕಿನವರು. ನಾನು ಎದ್ದು ನಿಂತು ತಪ್ಪಾಯಿತು ಅಂದೆ. ಅವರು ಬೈಯಲಿಲ್ಲ. ಮಷಿನ್ನಿನ ಕಡೆ ಕೈ ತೋರಿಸಿ, "ನೀನು ಒತ್ತಿದ್ದು ಸರಿ ಕಣಯ್ಯಾ, ಮನುಷ್ಯ ಅಂದಮೇಲೆ ಒತ್ತುತ್ತಾನೆ. 2,716 ಯಾಕೆ ಅಂತ ಅದು ಒಂದು ಮಾತು ಕೇಳಬಾರದಿತ್ತೇ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿ ಮುಗಿಸುವಷ್ಟರಲ್ಲಿ ನಮ್ಮ ರೂಟರಿನ ದೀಪ ಹಸಿರಾಗಿತ್ತು. ಅವಳು ಅದರ ಕಡೆ ನೋಡಲೇ ಇಲ್ಲ. ಪುಸ್ತಕದ ಹಿಂದಿನ ಪುಟದಲ್ಲಿ ಭಾಗಾಕಾರ ಮಾಡುತ್ತಿದ್ದಳು.

"ಅಜ್ಜ, ಅವರ ನಂಬರು 47868ರ ಬದಲು 47872 ಆಗಿದ್ದಿದ್ದರೆ?"

ನಾನೂ ಪೆನ್ಸಿಲ್ ಹಿಡಿದೆ. 256ರಿಂದ ಭಾಗಿಸಿದರೆ 187 ಸುತ್ತು. ಶೇಷ ಸೊನ್ನೆ.

"ಏನೂ ಆಗ್ತಾನೇ ಇರಲಿಲ್ಲ ಅಲ್ವಾ? ಯಾರಿಗೂ ಗೊತ್ತೂ ಆಗ್ತಿರಲಿಲ್ಲ," ಅಂದಳು. ಮತ್ತೆ ತಲೆ ತಗ್ಗಿಸಿ, ನನ್ನ ಹಳೆಯ 2716ನ್ನು ಬರೆದುಕೊಂಡು, ಅದನ್ನೂ 256ರಿಂದ ಭಾಗಿಸತೊಡಗಿದಳು.